ಮಾವನ ಕಪಾಟಿನಲ್ಲಿ ಒಂದು ಲಕ್ಷ ಇರಾಕಿ ದಿನಾರ್

ನನ್ನ ಸೋದರಮಾವ ಕುವೈತ್‌ನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದವರು. ಉಡುಪಿ ಹತ್ತಿರ ಮನೆ. ಅಲ್ಲಿನ ಕಬ್ಬಿಣದ ಕಪಾಟಿನಲ್ಲಿ, ಜಾಗದ ಕಾಗದಪತ್ರ ಇಟ್ಟ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಕೆಂಪು ನೋಟು ಇವೆ. ಒಂದೊಂದರ ಮೇಲೂ 25,000 ಅಂತ ಅಚ್ಚು. ಒಂದು ಬದಿಗೆ ಗೋಧಿ ಕಟ್ಟು ಹಿಡಿದ ಹೆಂಗಸು, ಹಿಂದೆ ಟ್ರ್ಯಾಕ್ಟರು. ಇನ್ನೊಂದು ಬದಿಗೆ ಬ್ಯಾಬಿಲಾನಿನ ರಾಜ ಹಮ್ಮುರಾಬಿ. ಒಟ್ಟು ಒಂದು ಲಕ್ಷ ಇರಾಕಿ ದಿನಾರ್.

2005ರಲ್ಲಿ ಅವರ ಕ್ಯಾಂಪಿನಲ್ಲಿದ್ದ ಒಬ್ಬ ಲಾರಿ ಡ್ರೈವರ್ ಇರಾಕಿನ ಬಸ್ರಾಕ್ಕೆ ಸಾಮಾನು ಹೊಡೆಯುತ್ತಿದ್ದ. ಬರುವಾಗ ಈ ನೋಟು ತಂದು ಮಾರುತ್ತಿದ್ದ. ಮಾವ 25 ಕುವೈತಿ ದಿನಾರ್ ಕೊಟ್ಟು ಕೊಂಡರು. ಆಗಿನ ಲೆಕ್ಕಕ್ಕೆ ಹೆಚ್ಚುಕಡಿಮೆ 3,800 ರೂಪಾಯಿ.

"ನೋಡು ಮಾರಾಯ, ಸದ್ದಾಮನ ಕಾಲದಲ್ಲಿ ಇದರ ಒಂದು ದಿನಾರಿಗೆ ಮೂರು ಡಾಲರ್ ಇತ್ತು. ಇರಾಕ್ ಸರಿ ಆದ ದಿನ ಇದೂ ವಾಪಸ್ ಅಲ್ಲಿಗೇ ಬರ್ತದೆ. ಕುವೈತ್ ದಿನಾರ್ ಬರಲಿಲ್ವಾ?" ಅಂತ ಅವರ ವಾದ.

ಅವರ ಲೆಕ್ಕ ಹಿಡಿದು ಹೋದರೆ ಆ ನಾಲ್ಕು ನೋಟಿಗೆ ಮೂರು ಲಕ್ಷ ಡಾಲರಿಗೂ ಜಾಸ್ತಿ ಬರಬೇಕು. ಅಂದರೆ ಎರಡೂವರೆ ಕೋಟಿ ರೂಪಾಯಿ ದಾಟಬೇಕು. 3,800 ರೂಪಾಯಿಗೆ!

ಮಾವ ಒಬ್ಬರೇ ಅಲ್ಲ. 2003ರ ಯುದ್ಧದ ಮೇಲೆ ಇರಾಕಿಗೆ ಹೋಗಿಬಂದ ಅಮೆರಿಕದ ಸೈನಿಕರು, ಕಂಟ್ರಾಕ್ಟರುಗಳು ಚೀಲಗಟ್ಟಲೆ ದಿನಾರ್ ಮನೆಗೆ ಹೊತ್ತೊಯ್ದರು. ಆಮೇಲೆ ಅದನ್ನು ಮಾರುವುದೇ ಅಲ್ಲಿ ಒಂದು ವ್ಯಾಪಾರವಾಯಿತು. ಇರಾಕಿನ ನಕ್ಷೆ ಕೂಡ ನೋಡದವರು ಲಕ್ಷ, ಕೋಟಿ ದಿನಾರ್ ಕೊಂಡು ಲಾಕರಿನಲ್ಲಿಟ್ಟು ಕೂತರು. ಇಪ್ಪತ್ತು ವರ್ಷ ದಾಟಿದೆ. ಈಗಲೂ "ಈ ವಾರ ಏರುತ್ತದಂತೆ" ಅನ್ನುವ ಸುದ್ದಿ ನಿಂತಿಲ್ಲ.

ಮಾವನ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ, ಅದೇ ತೊಂದರೆ. ಒಂದು ದಿನಾರಿಗೆ ಮೂರು ಡಾಲರ್ ಇದ್ದದ್ದು ನಿಜ. ಕುವೈತಿ ದಿನಾರ್ ಯುದ್ಧ ಕಳೆದ ಮೇಲೆ ಹಳೆಯ ಬೆಲೆಗೇ ನಿಂತದ್ದೂ ನಿಜ. ಎರಡು ನಿಜ ಸೇರಿ ಒಂದು ತಪ್ಪು ಲೆಕ್ಕ ಹೇಗಾಯಿತು ಅಂತ ನೋಡೋಣ.

ಒಂದು ನೋಟಿನ ಬೆಲೆ ಏನನ್ನೂ ಹೇಳುವುದಿಲ್ಲ

ವಿಯೆಟ್ನಾಂ ಟೂರಿಗೆ ಹೋದವರು ಮೊದಲು ಹಾಕುವ ಫೋಟೋ ಯಾವುದು ಹೇಳಿ? ಕೈತುಂಬ ನೋಟು ಹಿಡಿದು "ನಾನೀಗ ಕೋಟ್ಯಧಿಪತಿ" ಅನ್ನುವುದು. ಒಂದು ಕೋಟಿ ಡಾಂಗ್ ಅಂದರೆ ನಮ್ಮ ಮೂವತ್ತು ಸಾವಿರದ ಆಸುಪಾಸು. ಅಲ್ಲಿ ಒಂದು ಬಟ್ಟಲು ನೂಡಲ್ಸಿಗೇ ಐವತ್ತು ಸಾವಿರ ಡಾಂಗ್ ಕೇಳುತ್ತಾರೆ. ಹಾಗಾಗಿ ಯಾರೂ ನಿಜವಾಗಿ ಕೋಟ್ಯಧಿಪತಿ ಆಗುವುದಿಲ್ಲ.

ಜಪಾನಿನ ಯೆನ್ ನೋಡಿ. ಒಂದು ಯೆನ್ ಒಂದು ರೂಪಾಯಿಗಿಂತ ಕಡಿಮೆ. ಹಾಗಂತ ಜಪಾನ್ ನಮಗಿಂತ ಬಡ ದೇಶವೇ? ಕೇಕನ್ನು ಎಂಟು ತುಂಡು ಮಾಡಿದರೆ ತುಂಡು ದೊಡ್ಡದು, ಎಂಬತ್ತು ಮಾಡಿದರೆ ಚಿಕ್ಕದು. ಕೇಕು ಅಷ್ಟೇ ಇರುತ್ತದೆ. ಒಂದು ನೋಟಿಗೆ ಎಷ್ಟು ಡಾಲರ್ ಅನ್ನುವುದು ತುಂಡಿನ ಗಾತ್ರ, ಅಷ್ಟೇ. ಎಷ್ಟು ತುಂಡು ಊರಲ್ಲಿ ಓಡಾಡುತ್ತಿವೆ, ಕೇಕು ಎಷ್ಟು ದೊಡ್ಡದು ಅಂತ ಗೊತ್ತಿಲ್ಲದೆ ತುಂಡು ಅಗ್ಗವೋ ತುಟ್ಟಿಯೋ ಹೇಳಲು ಆಗುವುದಿಲ್ಲ.

ಇರಾಕಿ ದಿನಾರನ್ನು ಅಗ್ಗ ಅಂದುಕೊಂಡವರೆಲ್ಲ ಎಡವಿದ್ದು ಇಲ್ಲೇ. "ಡಾಲರಿಗೆ 1,300 ಸಿಗುತ್ತದೆ, ಎಷ್ಟು ಅಗ್ಗ!" ಅಂತ ನೋಡಿದರು. 1,300 ಯಾಕೆ ಸಿಗುತ್ತದೆ ಅಂತ ಕೇಳಲಿಲ್ಲ.

ಮೂರು ಡಾಲರಿನ ಕಾಲ

ದಿನಾರಿನ ಕತೆ ಶುರುವಾಗುವುದೇ ನಮ್ಮ ರೂಪಾಯಿಂದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಇರಾಕನ್ನು ಹಿಡಿದಾಗ ಅವರ ಜೊತೆ ಹೋದದ್ದು ಭಾರತದ ಸೈನ್ಯ. ಸೈನ್ಯದ ಹಿಂದೆ ರೂಪಾಯಿ ಹೋಯಿತು. ಬಾಗ್ದಾದಿನ ಅಂಗಡಿಗಳಲ್ಲಿ 1932ರವರೆಗೆ ನಡೆದದ್ದು ರೂಪಾಯಿ, ಆಣೆ. ಆ ವರ್ಷ ಇರಾಕ್ ತನ್ನದೇ ದಿನಾರ್ ತಂದಿತು. ಒಂದು ದಿನಾರ್ ಅಂದರೆ ಒಂದು ಬ್ರಿಟಿಷ್ ಪೌಂಡ್, ನಮ್ಮ ಲೆಕ್ಕದಲ್ಲಿ 13 ರೂಪಾಯಿ 5 ಆಣೆ ಚಿಲ್ಲರೆ. ಅಂದರೆ ದಿನಾರ್ ಹುಟ್ಟುವಾಗಲೇ ದೊಡ್ಡ ತುಂಡು.

ಎಣ್ಣೆ ದುಡ್ಡು ಬರತೊಡಗಿದ ಮೇಲೂ ಆ ದೊಡ್ಡ ತುಂಡು ಹಾಗೇ ಉಳಿಯಿತು. 1980ರ ದಶಕದಲ್ಲಿ ಸರಕಾರಿ ದರ ಒಂದು ದಿನಾರಿಗೆ 3 ಡಾಲರಿಗೂ ಮೇಲೆ ಇತ್ತು. ಇಲ್ಲಿ "ಸರಕಾರಿ" ಅನ್ನುವ ಮಾತು ಮುಖ್ಯ. ಇರಾನ್ ಜೊತೆ ಎಂಟು ವರ್ಷ ಯುದ್ಧ ಮಾಡಿ ಇರಾಕ್ ಸಾಲದಲ್ಲಿ ಮುಳುಗಿತ್ತು. ಬೋರ್ಡಿನ ಮೇಲಿನ ದರಕ್ಕೂ ಬೀದಿಯ ದರಕ್ಕೂ ಆಗಲೇ ಸಂಬಂಧ ತಪ್ಪಿತ್ತು.

1990ರ ಆಗಸ್ಟಿನಲ್ಲಿ ಸದ್ದಾಂ ಕುವೈತ್ ಮೇಲೆ ದಂಡೆತ್ತಿದ. ವಿಶ್ವಸಂಸ್ಥೆ ದಿಗ್ಬಂಧನ ಹಾಕಿತು. ಎಣ್ಣೆ ಮಾರುವ ಹಾಗಿಲ್ಲ, ಖಜಾನೆ ಖಾಲಿ. ಆದರೆ ನೌಕರರಿಗೆ ಸಂಬಳ ಕೊಡಬೇಕಲ್ಲ? ಅಚ್ಚಿನ ಯಂತ್ರ ಓಡಿತು. ವಿದೇಶದಲ್ಲಿ ಒಳ್ಳೆಯ ನೋಟು ಅಚ್ಚು ಹಾಕಿಸುವ ದಾರಿಯೂ ಮುಚ್ಚಿತ್ತು. ಹಾಗಾಗಿ ಸದ್ದಾಂನ ಮುಖ ಇರುವ ನೋಟನ್ನು ಸ್ಥಳೀಯವಾಗಿ, ಸಿಕ್ಕಿದ ಕಾಗದದ ಮೇಲೆ ಅಚ್ಚು ಹಾಕಿದರು. 1995ರ ಕೊನೆಗೆ ಒಂದು ಡಾಲರಿಗೆ ಬೀದಿಯಲ್ಲಿ 3,000 ದಿನಾರ್.

ಐದು ವರ್ಷದಲ್ಲಿ ಇಷ್ಟಾಯಿತು. ಮೂರು ಡಾಲರಿನ ದಿನಾರ್ "ಎಲ್ಲೋ ಕಾಯುತ್ತಾ ಕೂತಿಲ್ಲ". ಅದರ ಹೆಸರಿನಲ್ಲಿ ಲೆಕ್ಕವಿಲ್ಲದಷ್ಟು ಹೊಸ ತುಂಡು ಹುಟ್ಟಿ ಹಳೆಯದನ್ನು ತಿಂದುಹಾಕಿವೆ.

ಇದರ ನಡುವೆ ನಡೆದ ಒಂದು ವಿಚಿತ್ರ ನನಗೆ ತುಂಬಾ ಇಷ್ಟ, ಹೇಳಲೇಬೇಕು. ಸದ್ದಾಂನ ನೋಟಿಗಿಂತ ಮೊದಲಿನ ಹಳೆಯ ಚೊಕ್ಕ ನೋಟುಗಳನ್ನು ಜನ "ಸ್ವಿಸ್ ದಿನಾರ್" ಅನ್ನುತ್ತಿದ್ದರು. 1993ರ ಮೇನಲ್ಲಿ ಸರಕಾರ ಆ ಸಾಲಿನ 25 ದಿನಾರ್ ನೋಟನ್ನು ರದ್ದು ಮಾಡಿತು. ಗಡಿ ಮುಚ್ಚಿ, ಕೆಲವೇ ದಿನ ಗಡುವು ಕೊಟ್ಟಿತು. ಜೋರ್ಡಾನಿನಲ್ಲಿ ಈ ನೋಟಿನ ಕಟ್ಟುಗಳನ್ನು ಇಟ್ಟುಕೊಂಡಿದ್ದ ವ್ಯಾಪಾರಿಗಳು ಹೊರಗೇ ಉಳಿದರು. ಅವರ ಕೈಯಲ್ಲಿ ಬರೀ ಕಾಗದ.

ಆದರೆ ಉತ್ತರದ ಕುರ್ದಿಶ್ ಸೀಮೆ ಆಗ ಬಾಗ್ದಾದಿನ ಹಿಡಿತದಲ್ಲಿ ಇರಲಿಲ್ಲ. ಅಲ್ಲಿನ ಜನ ಹಳೆಯ ನೋಟನ್ನೇ ನಡೆಸಿಕೊಂಡು ಹೋದರು. ಅದರ ಹಿಂದೆ ಸರಕಾರವೂ ಇಲ್ಲ, ಕೇಂದ್ರ ಬ್ಯಾಂಕೂ ಇಲ್ಲ. ಆದರೂ ಸದ್ದಾಂನ ನೋಟಿಗಿಂತ ಅದಕ್ಕೇ ಬೆಲೆ ಜಾಸ್ತಿ. ಕಾರಣ ಸರಳ. ಹೊಸದಾಗಿ ಯಾರೂ ಅಚ್ಚು ಹಾಕುವ ಹಾಗಿರಲಿಲ್ಲ. ಇದ್ದಷ್ಟೇ ತುಂಡು. 2002ರ ಮೇನಲ್ಲಿ ಡಾಲರಿಗೆ ಸುಮಾರು 18 ಸ್ವಿಸ್ ದಿನಾರ್ ಇದ್ದದ್ದು ವರ್ಷದೊಳಗೆ ಸುಮಾರು 6ಕ್ಕೆ ಬಂತು. ಯುದ್ಧ ಆಗುತ್ತದೆ, ಸದ್ದಾಂ ಹೋಗುತ್ತಾನೆ, ಬರುವ ಸರಕಾರ ನಮ್ಮ ನೋಟಿಗೆ ಬೆಲೆ ಕೊಡುತ್ತದೆ ಅಂತ ಜನ ನಂಬಿದ್ದರು. ಹಾಗೇ ಆಯಿತು. 2003ರ ಅಕ್ಟೋಬರ್ 15ರಿಂದ ಮೂರು ತಿಂಗಳು ನೋಟು ಬದಲಿಸುವ ಕೆಲಸ ನಡೆಯಿತು. ಒಂದು ಸದ್ದಾಂ ದಿನಾರಿಗೆ ಒಂದು ಹೊಸ ದಿನಾರ್. ಒಂದು ಸ್ವಿಸ್ ದಿನಾರಿಗೆ 150 ಹೊಸ ದಿನಾರ್.

ಇರಾಕಿನ ನೋಟಿನ ಮೇಲೆ ಬಾಜಿ ಕಟ್ಟಿ ಗೆದ್ದವರು ಅಂದರೆ ಇವರು. ಗೆದ್ದದ್ದು ಸಂಖ್ಯೆ ಬೆಳೆಯದ ನೋಟಿನಿಂದ. ಮಾವನ ಕಪಾಟಿನಲ್ಲಿ ಇರುವುದು 2003ರ ಹೊಸ ದಿನಾರ್. ಅದರ ಸಂಖ್ಯೆ ಬೆಳೆಯುತ್ತಲೇ ಇದೆ.

ಕುವೈತ್ ಕತೆ ಬೇರೆ

ಗಲ್ಫ್ ಕಂಡವರ ಬಾಯಲ್ಲಿ ಕುವೈತಿ ದಿನಾರಿನ ಉದಾಹರಣೆ ಬಂದೇ ಬರುತ್ತದೆ. ಅದೂ ರೂಪಾಯಿಯ ಮರಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫ್ ನಾಡುಗಳಿಗೆ ಅಂತಲೇ ಬೇರೆ ಬಣ್ಣದ ರೂಪಾಯಿ ಅಚ್ಚು ಹಾಕಿತ್ತು. ನಮ್ಮ ನೋಟನ್ನು ಅಲ್ಲಿಗೆ ಸಾಗಿಸಿ, ಚಿನ್ನ ಕೊಂಡು, ಕಳ್ಳದಾರಿಯಲ್ಲಿ ಒಳಗೆ ತರುವ ದಂಧೆ ಜೋರಾಗಿದ್ದ ಕಾಲ ಅದು. 1961ರಲ್ಲಿ ಕುವೈತ್ ಆ ರೂಪಾಯಿ ಬಿಟ್ಟು ತನ್ನ ದಿನಾರ್ ತಂದಿತು. ಅದೂ ಒಂದು ಪೌಂಡಿಗೆ ಸಮ, 13 ರೂಪಾಯಿ ಚಿಲ್ಲರೆ. ಇವತ್ತು ಅದೇ ಕುವೈತಿ ದಿನಾರಿಗೆ 250 ರೂಪಾಯಿಗೂ ಜಾಸ್ತಿ. ಒಂದೇ ತೂಕದಲ್ಲಿ ಹುಟ್ಟಿದ ಎರಡು ದಿನಾರ್, ಒಂದು ಮೇಲೆ, ಇನ್ನೊಂದು ಪಾತಾಳದಲ್ಲಿ.

1990ರಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಕುವೈತಿ ದಿನಾರಿಗೆ ಬೆಲೆ ಇಲ್ಲದಂತಾಯಿತು. ಸದ್ದಾಂ ಅದನ್ನು ಇರಾಕಿ ದಿನಾರಿಗೆ ಸಮ ಅಂದುಬಿಟ್ಟ. ಆಗ ಕುವೈತಿನಿಂದ ಉಟ್ಟ ಬಟ್ಟೆಯಲ್ಲಿ ಹೊರಟ ನಮ್ಮವರು ಎಷ್ಟೋ ಜನ. ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ಕರೆತಂದವು. ಅವರಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಮನೆಗಳವರೂ ಇದ್ದರು. ಏಳು ತಿಂಗಳ ಮೇಲೆ ಕುವೈತ್ ಬಿಡುಗಡೆಯಾಯಿತು. 1991ರ ಮಾರ್ಚಿನಲ್ಲಿ ಹೊಸ ನೋಟು ಬಂದು ದಿನಾರ್ ಹಳೆಯ ಬೆಲೆಗೆ ಹತ್ತಿರವೇ ನಿಂತಿತು. ನಡುವೆ ಅಗ್ಗಕ್ಕೆ ಕೊಂಡವರು ಲಾಭ ಮಾಡಿರಬಹುದು. ಇದನ್ನೇ ಮಾವ ಹೇಳುವುದು.

ಆದರೆ ಮೂರು ಸಂಗತಿ ಇವೆ. ಕುವೈತ್ ಸರಕಾರ ಸತ್ತಿರಲಿಲ್ಲ. ಸೌದಿಯ ತೈಫ್‌ನಲ್ಲಿ ಕೂತು ನಡೆಯುತ್ತಿತ್ತು. 1953ರಿಂದ ಕೂಡಿಟ್ಟ ಎಣ್ಣೆ ದುಡ್ಡು ಲಂಡನ್ನಿನಲ್ಲಿ ಸುರಕ್ಷಿತವಾಗಿತ್ತು. ಏಳು ತಿಂಗಳಲ್ಲಿ ಹೊಸ ನೋಟನ್ನು ಯಾರೂ ರಾಶಿ ಹಾಕಿರಲಿಲ್ಲ. ಇರಾಕಿನವರು ಕೇಂದ್ರ ಬ್ಯಾಂಕಿನಿಂದ ದೋಚಿದ ನೋಟುಗಳ ಕ್ರಮಸಂಖ್ಯೆ ನೋಡಿ ಕುವೈತ್ ಅವನ್ನು ರದ್ದು ಮಾಡಿತು. ಅಂದರೆ ಅಲ್ಲಿ ಕೇಕೂ ಹಾಳಾಗಿರಲಿಲ್ಲ, ತುಂಡೂ ಜಾಸ್ತಿ ಆಗಿರಲಿಲ್ಲ. ಕೇಕಿನ ಮೇಲೆ ಕಳ್ಳ ಕೂತಿದ್ದ, ಎದ್ದುಹೋದ, ಅಷ್ಟೇ. ಆಗಲೂ ತಪ್ಪು ಸಂಖ್ಯೆಯ ನೋಟು ಕೊಂಡವನಿಗೆ ನಾಮ.

ನೂರು ಲಕ್ಷ ಕೋಟಿ

ಈಗ ಇರಾಕಿನ ತುಂಡು ಎಣಿಸೋಣ. ಇತ್ತೀಚಿನ ವರ್ಷಗಳಲ್ಲಿ ಚಲಾವಣೆಯಲ್ಲಿರುವ ಇರಾಕಿ ನೋಟು ಸುಮಾರು 100 ಲಕ್ಷ ಕೋಟಿ ದಿನಾರ್. ಒಂದರ ಮುಂದೆ 14 ಸೊನ್ನೆ. ಒಂದು ದಿನಾರ್ ಒಂದು ಡಾಲರ್ ಆದರೆ ಈ ನೋಟುಗಳ ಬೆಲೆ 100 ಲಕ್ಷ ಕೋಟಿ ಡಾಲರ್. ಇಡೀ ಪ್ರಪಂಚದ ಎಲ್ಲ ದೇಶಗಳು ಒಂದು ವರ್ಷದಲ್ಲಿ ದುಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ಇರಾಕಿನ ಜನರ ಜೇಬಿನಲ್ಲಿರುವ ನೋಟಿಗೆ ಅಮೆರಿಕ, ಚೀನಾ, ಯುರೋಪ್, ಭಾರತ ಎಲ್ಲವೂ ಸೇರಿ ಬಂದ ಹಾಗಾಯಿತು! ಮಾವನ ಮೂರು ಡಾಲರ್ ದರಕ್ಕೆ ಮೂರು ಪ್ರಪಂಚ ಬೇಕು.

ಇನ್ನೊಂದು ಬದಿಯಿಂದ ನೋಡಿ. ಇರಾಕ್ ಕೇಂದ್ರ ಬ್ಯಾಂಕಿನ ವಿದೇಶಿ ಮೀಸಲು, ಅಂದರೆ ಅದು ಕೂಡಿಟ್ಟ ಡಾಲರ್, ಚಿನ್ನ ಇತ್ಯಾದಿ, ಸುಮಾರು 10,000 ಕೋಟಿ ಡಾಲರ್. ಸಣ್ಣ ಮೊತ್ತವೇನಲ್ಲ. ನೋಟನ್ನು ಮೀಸಲಿನಿಂದ ಭಾಗಿಸಿ. ಒಂದು ಡಾಲರಿಗೆ 1,000 ದಿನಾರ್ ಬರುತ್ತದೆ. ಇವತ್ತಿನ ಸರಕಾರಿ ದರ 1,300ರ ಆಚೀಚೆ. ಅಂದರೆ ದಿನಾರನ್ನು ಯಾರೋ ಪಿತೂರಿ ಮಾಡಿ ತುಳಿದಿಟ್ಟಿಲ್ಲ. ಅದು ಇರಬೇಕಾದ ಜಾಗದಲ್ಲೇ ಇದೆ.

"ಅಷ್ಟು ಎಣ್ಣೆ ಇದೆಯಲ್ಲ?" ಅಂತ ಮುಂದಿನ ಪ್ರಶ್ನೆ. ಇದೆ. ಆದರೆ ಎಣ್ಣೆ ದುಡ್ಡು ಹರಿಯುವ ದಾರಿ ನೋಡಿದರೆ, ದಿನಾರ್ ಏರಿಸಲು ಇರಾಕ್ ಸರಕಾರಕ್ಕೇ ಯಾಕೆ ಮನಸ್ಸಿಲ್ಲ ಅಂತ ತಿಳಿಯುತ್ತದೆ. ಎಣ್ಣೆ ಮಾರಿದ ಡಾಲರ್ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿರುವ ಖಾತೆಗೆ ಬೀಳುತ್ತದೆ. ಹಣಕಾಸು ಇಲಾಖೆ ಆ ಡಾಲರನ್ನು ಕೇಂದ್ರ ಬ್ಯಾಂಕಿಗೆ ಕೊಟ್ಟು ದಿನಾರ್ ಪಡೆಯುತ್ತದೆ. ಆ ದಿನಾರಿನಲ್ಲಿ ಲಕ್ಷಾಂತರ ನೌಕರರ ಸಂಬಳ, ಪಿಂಚಣಿ. ಕೇಂದ್ರ ಬ್ಯಾಂಕು ಡಾಲರನ್ನು ಆಮದು ಮಾಡುವವರಿಗೆ ಮಾರುತ್ತದೆ.

ಒಂದು ಬ್ಯಾರೆಲ್ ಎಣ್ಣೆಗೆ 70 ಡಾಲರ್ ಅಂತ ಇಟ್ಟುಕೊಳ್ಳಿ. 1,300ರ ದರದಲ್ಲಿ ಸರಕಾರಕ್ಕೆ 91,000 ದಿನಾರ್ ಸಿಗುತ್ತದೆ. ದಿನಾರ್ ಒಂದು ಡಾಲರಿಗೆ ಏರಿದರೆ ಅದೇ ಬ್ಯಾರೆಲಿಗೆ 70 ದಿನಾರ್. ಗುಮಾಸ್ತನ ಸಂಬಳ ಮಾತ್ರ ಲಕ್ಷಗಳಲ್ಲೇ ಇದೆ. ಒಬ್ಬ ಗುಮಾಸ್ತನ ತಿಂಗಳ ಸಂಬಳಕ್ಕೆ ಸಾವಿರಾರು ಬ್ಯಾರೆಲ್ ಎಣ್ಣೆ ಸುರಿಯಬೇಕು. ಯಾವ ಹಣಕಾಸು ಮಂತ್ರಿ ಇದಕ್ಕೆ ಸಹಿ ಹಾಕುತ್ತಾನೆ?

ನಿಜವಾಗಿ ನಡೆದದ್ದು ಇದರ ಉಲ್ಟಾ. 2020ರಲ್ಲಿ ಎಣ್ಣೆ ಬೆಲೆ ಕುಸಿದು ಸಂಬಳಕ್ಕೆ ತತ್ವಾರವಾಯಿತು. ಆ ಡಿಸೆಂಬರಿನಲ್ಲಿ ಇರಾಕ್ ದಿನಾರನ್ನು 1,190ರ ಹತ್ತಿರದಿಂದ 1,450ಕ್ಕೆ ತಾನೇ ಇಳಿಸಿತು. 2023ರ ಫೆಬ್ರವರಿಯಲ್ಲಿ ಸ್ವಲ್ಪ ಏರಿಸಿ 1,300ಕ್ಕೆ ತಂದಿತು. ದಿನಾರ್ ಭಕ್ತರು ಕಾಯುತ್ತಿದ್ದ "ಮರುಮೌಲ್ಯ" ಬಂದೇ ಬಂತು ನೋಡಿ, ನೂರಕ್ಕೆ ಹತ್ತರಷ್ಟು! ಆಗಲೂ ಬೀದಿಯಲ್ಲಿ ಡಾಲರಿಗೆ ಸರಕಾರಿ ದರಕ್ಕಿಂತ ಜಾಸ್ತಿಯೇ ಕೇಳುತ್ತಿದ್ದರು.

ಸೊನ್ನೆ ತೆಗೆಯುವ ಗೊಂದಲ

ಇರಾಕ್ ಕೇಂದ್ರ ಬ್ಯಾಂಕು ನೋಟಿನಿಂದ ಮೂರು ಸೊನ್ನೆ ತೆಗೆಯುವ ಯೋಚನೆ ಮಾಡಿದ್ದು ನಿಜ. 2012ರಲ್ಲಿ ಅದನ್ನು ತಡೆಹಿಡಿದರು. ಮಾರುವವರು ಇದನ್ನೇ ಹಿಡಿದು "ಮೂರು ಸೊನ್ನೆ ಹೋದರೆ ದಿನಾರ್ ಸಾವಿರ ಪಟ್ಟು ಏರುತ್ತದೆ" ಅಂತ ಸಾರಿದರು.

ನಮ್ಮಲ್ಲಿ 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂತು. ರೂಪಾಯಿಗೆ 16 ಆಣೆ ಇದ್ದದ್ದು 100 ಪೈಸೆ ಆಯಿತು. ಅವತ್ತು ಯಾರಾದರೂ ಆರು ಪಟ್ಟು ಶ್ರೀಮಂತರಾದರೇ? ಟರ್ಕಿ 2005ರಲ್ಲಿ ಆರು ಸೊನ್ನೆ ತೆಗೆಯಿತು. ಹತ್ತು ಲಕ್ಷ ಹಳೆಯ ಲಿರಾ ಕೊಟ್ಟವನಿಗೆ ಒಂದು ಹೊಸ ಲಿರಾ. ಬ್ರೆಡ್ಡಿನ ಬೆಲೆಯಿಂದಲೂ ಆರು ಸೊನ್ನೆ ಹೋಯಿತು. ಇರಾಕ್ ಹೀಗೆ ಮಾಡಿದರೆ ಮಾವನ 25,000ದ ನೋಟು 25ರ ನೋಟಾಗುತ್ತದೆ. ಬೆಲೆ ಅಷ್ಟೇ.

ಅಷ್ಟೇ ಆದರೂ ಪುಣ್ಯ. ಮನೆಯಲ್ಲಿ ವಿದೇಶಿ ನೋಟು ಇಟ್ಟವನಿಗೆ ಇನ್ನೊಂದು ಗಂಡಾಂತರ ಇದೆ. ಸೊನ್ನೆ ತೆಗೆದಾಗ ಹಳೆಯ ನೋಟು ಬದಲಿಸಲು ಗಡುವು ಹಾಕುತ್ತಾರೆ. ಬದಲಿಸುವುದು ಆ ದೇಶದ ಬ್ಯಾಂಕುಗಳಲ್ಲಿ. 2003ರಲ್ಲಿ ಕೊಟ್ಟದ್ದು ಮೂರು ತಿಂಗಳು. 1993ರಲ್ಲಿ ಗಡಿಯನ್ನೇ ಮುಚ್ಚಿದ್ದರು. ನಾಲ್ಕು ನೋಟಿಗಾಗಿ ಉಡುಪಿಯಿಂದ ಬಾಗ್ದಾದಿಗೆ ಯಾರು ಹೋಗುತ್ತಾರೆ? 2016ರ ನವೆಂಬರ್ 8ರ ರಾತ್ರಿ ನೆನಪಿದೆಯಲ್ಲ. ನಮ್ಮ ಊರಲ್ಲೇ ನಮಗೆ ಕ್ಯೂ ನಿಂತು ಸಾಕಾಯಿತು. ವಿದೇಶದ ಡ್ರಾಯರುಗಳಲ್ಲಿ ಉಳಿದ 500, 1,000ದ ಭಾರತೀಯ ನೋಟುಗಳ ಗತಿ ಏನಾಯಿತು ಅಂತ ಗಲ್ಫಿನ ಯಾರನ್ನಾದರೂ ಕೇಳಿ.

ಎಲ್ಲ ದೇಶಗಳೂ ಹೀಗಲ್ಲ, ಹೇಳಿಬಿಡುತ್ತೇನೆ. ಅಮೆರಿಕ 1861ರಿಂದ ಹೊರಡಿಸಿದ ಯಾವ ನೋಟನ್ನೂ ರದ್ದು ಮಾಡಿಲ್ಲ. ಬ್ರಿಟನ್ನಿನ ಹಳೆಯ ನೋಟು ಅಂಗಡಿಯಲ್ಲಿ ನಡೆಯದಿದ್ದರೂ ಬ್ಯಾಂಕ್ ಆಫ್ ಇಂಗ್ಲೆಂಡ್ ಎಷ್ಟು ವರ್ಷ ಬಿಟ್ಟು ಹೋದರೂ ಬದಲಿಸಿ ಕೊಡುತ್ತದೆ. ಜನ ಡಾಲರನ್ನು ಹಾಸಿಗೆ ಕೆಳಗೆ ಇಡುವುದು ಸುಮ್ನೆ ಅಲ್ಲ.

ಲಾಭ ಯಾರಿಗೆ?

ದಿನಾರ್ ವ್ಯಾಪಾರದಲ್ಲಿ ತಪ್ಪದೆ ದುಡ್ಡು ಮಾಡಿದವನು ಮಾರುವವನು. ಅವನು ಬ್ಯಾಂಕ್ ದರಕ್ಕೆ ಕೊಂಡು ದರದ ಮೇಲೆ ಚೆನ್ನಾಗಿ ಇಟ್ಟು ಮಾರುತ್ತಾನೆ. ನೀವು ವಾಪಸ್ ಕೊಡಲು ಹೋದರೆ ದರಕ್ಕಿಂತ ಕೆಳಗೆ ಕೇಳುತ್ತಾನೆ. ಮಾವ ಕೊಟ್ಟದ್ದು 25 ಕುವೈತಿ ದಿನಾರ್, ಅಂದರೆ 85 ಡಾಲರ್. ಅವತ್ತಿನ ದರಕ್ಕೆ ಆ ನೋಟಿನ ಬೆಲೆ 68 ಡಾಲರ್. ಕೊಂಡ ಗಳಿಗೆಯಲ್ಲೇ ಐದರಲ್ಲಿ ಒಂದು ಪಾಲು ಡ್ರೈವರನ ಜೇಬಿಗೆ ಹೋಯಿತು. ಅವನಿಗೆ ದಿನಾರ್ ಏರಬೇಕಾಗಿಯೇ ಇರಲಿಲ್ಲ. ಏರುತ್ತದೆ ಅಂತ ಕೊಳ್ಳುವವನು ನಂಬಿದರೆ ಸಾಕಿತ್ತು.

ಅಮೆರಿಕದಲ್ಲಿ ಈ ನಂಬಿಕೆಯನ್ನೇ ಸಾಕಿ ಬೆಳೆಸಿದರು. ಅಟ್ಲಾಂಟಾದ ಸ್ಟರ್ಲಿಂಗ್ ಕರೆನ್ಸಿ ಗ್ರೂಪ್ ಅನ್ನುವ ಕಂಪನಿ 2010ರಿಂದ 2015ರ ನಡುವೆ 60 ಕೋಟಿ ಡಾಲರಿಗೂ ಜಾಸ್ತಿ ಬೆಲೆಯ ದಿನಾರ್ ಮತ್ತಿತರ ನೋಟು ಮಾರಿತ್ತು. ದಿನಾರ್ ಏರಿದ ಕೂಡಲೇ ವಿಮಾನ ನಿಲ್ದಾಣಗಳಲ್ಲಿ ಕೌಂಟರ್ ತೆರೆದು ನೋಟು ಬದಲಿಸಿ ಕೊಡುತ್ತೇವೆ ಅಂತ ಗಿರಾಕಿಗಳಿಗೆ ಹೇಳಿದ್ದರು. 2018ರಲ್ಲಿ ಅದರ ಮಾಲೀಕರು ವಂಚನೆಯ ಅಪರಾಧಿಗಳು ಅಂತ ತೀರ್ಪಾಯಿತು. ಒಂದು ಸೂಕ್ಷ್ಮ ಗಮನಿಸಿ. ಅವರು ಮಾರಿದ್ದು ಖೋಟಾ ನೋಟಲ್ಲ. ಅಸಲಿ ನೋಟೇ. ಸುಳ್ಳು ಇದ್ದದ್ದು ಮಾತಿನಲ್ಲಿ.

ಇದು ಹೊಸ ಹುಚ್ಚೂ ಅಲ್ಲ. ಮೊದಲ ಮಹಾಯುದ್ಧ ಮುಗಿದಾಗ ಜರ್ಮನಿಯ ಮಾರ್ಕ್ ಬಿದ್ದಿತ್ತು. "ಜರ್ಮನಿ ಬುದ್ಧಿವಂತರ ದೇಶ, ಎದ್ದೇ ಏಳುತ್ತದೆ" ಅಂತ ಅಮೆರಿಕ, ಯುರೋಪಿನ ಸಾಮಾನ್ಯ ಜನ ಮಾರ್ಕ್ ಕೊಂಡು ಇಟ್ಟರು. ಯುದ್ಧಕ್ಕೆ ಮೊದಲು ಡಾಲರಿಗೆ 4.2 ಮಾರ್ಕ್ ಇತ್ತು. 1923ರ ನವೆಂಬರಿನಲ್ಲಿ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಜರ್ಮನಿ ಎದ್ದದ್ದು ನಿಜ. ಎದ್ದದ್ದು ಹೊಸ ಮಾರ್ಕ್ ತಂದು. ಒಂದು ಲಕ್ಷ ಕೋಟಿ ಹಳೆಯ ಮಾರ್ಕಿಗೆ ಒಂದು ಹೊಸದು. ದೇಶ ಏಳುವುದು ಬೇರೆ, ಅದರ ಹಳೆಯ ನೋಟು ಏಳುವುದು ಬೇರೆ.

ನಗು ಬರುವುದು ಜಿಂಬಾಬ್ವೆ ವಿಷಯಕ್ಕೆ. ಅವರ 100 ಲಕ್ಷ ಕೋಟಿ ಡಾಲರಿನ ನೋಟಿಗೆ ಬ್ಯಾಂಕಿನಲ್ಲಿ ಒಂದು ಕಡಲೆಕಾಯಿಯೂ ಸಿಗುವುದಿಲ್ಲ. ಆದರೆ ವಿಚಿತ್ರ ನೋಟು ಕೂಡಿಡುವವರು ಅದಕ್ಕೆ ಸಾವಿರಗಟ್ಟಲೆ ರೂಪಾಯಿ ಕೊಡುತ್ತಾರೆ. ದುಡ್ಡಾಗಿ ಸತ್ತು ಚಿತ್ರವಾಗಿ ಬದುಕಿದ ನೋಟು.

ಒಳ್ಳೆಯ ಡಾಲರೇ ಇಟ್ಟರೆ?

ದಿನಾರ್ ಬೇಡ, ಅಮೆರಿಕನ್ ಡಾಲರನ್ನೇ ತಂದು ಕಪಾಟಿನಲ್ಲಿ ಇಡೋಣ ಅನ್ನುವವರೂ ಇದ್ದಾರೆ. ರೂಪಾಯಿ ಹೇಗೂ ಬೀಳುತ್ತಲೇ ಇದೆ ಅಲ್ವಾ? 2005ರ ಸುಮಾರಿಗೆ ಡಾಲರಿಗೆ 45 ರೂಪಾಯಿ ಇತ್ತು. ಇಪ್ಪತ್ತು ವರ್ಷ ಬಿಟ್ಟು 85 ದಾಟಿತು. ದುಪ್ಪಟ್ಟಿನ ಹತ್ತಿರ. ಕೇಳಲು ಚೆನ್ನಾಗಿದೆ. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ಮೂರು ಚಿಲ್ಲರೆ. ಅದೇ 45 ರೂಪಾಯಿಯನ್ನು ನೂರಕ್ಕೆ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರೆ 174 ರೂಪಾಯಿ ಆಗುತ್ತಿತ್ತು. ಕಪಾಟಿನ ಡಾಲರಿಗೆ ಬಡ್ಡಿ ಇಲ್ಲ. ಅದು ಮರಿ ಹಾಕುವುದಿಲ್ಲ, ಮಲಗಿರುತ್ತದೆ.

ಮತ್ತೆ ಕಾನೂನು ಇದೆ. ಇಲ್ಲಿಂದ ವಿದೇಶ ಪ್ರವಾಸಕ್ಕೆ ಹೋಗಿಬಂದವರು ಮಿಕ್ಕ ನೋಟಿನಲ್ಲಿ 2,000 ಡಾಲರಿಗೆ ಸಮನಾದಷ್ಟನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ 180 ದಿನದೊಳಗೆ ಬ್ಯಾಂಕಿಗೋ ಪರವಾನಗಿ ಇರುವ ಮನಿ ಚೇಂಜರಿಗೋ ಕೊಡಬೇಕು. ನಿವಾಸಿಗಳಿಗೆ ಅಂತ ಇರುವ ವಿದೇಶಿ ಕರೆನ್ಸಿ ಖಾತೆಗೂ ಹಾಕಬಹುದು, ಅದಕ್ಕೆ ಬಡ್ಡಿ ಇಲ್ಲ. ನಾಣ್ಯಕ್ಕೆ ಮಿತಿ ಇಲ್ಲ, ಬೇಕಾದಷ್ಟು ಇಟ್ಟುಕೊಳ್ಳಿ. ಬರುವಾಗ ಕೈಯಲ್ಲಿ 5,000 ಡಾಲರಿಗಿಂತ ಜಾಸ್ತಿ ನೋಟು ಇದ್ದರೆ, ಇಲ್ಲವೇ ಚೆಕ್ಕು ಗಿಕ್ಕು ಎಲ್ಲ ಸೇರಿ 10,000 ಡಾಲರ್ ದಾಟಿದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಫಾರಂ ತುಂಬಬೇಕು. ತರಬಾರದು ಅಂತ ಇಲ್ಲ. ಹೇಳದೆ ತರಬಾರದು.

"ಏರುತ್ತದೆ" ಅಂತ ಊಹಿಸಿ ವಿದೇಶಿ ನೋಟು ಕೊಳ್ಳುವುದು ನಮ್ಮ ನಿಯಮದ ಪ್ರಕಾರ ಕಾರಣವೇ ಅಲ್ಲ. ಪ್ರಯಾಣ, ಓದು, ಚಿಕಿತ್ಸೆ ಇಂಥದ್ದು ಬೇಕು. ಷೇರುಪೇಟೆಯ ಕರೆನ್ಸಿ ವ್ಯವಹಾರಕ್ಕೂ 2024ರಿಂದ ರಿಸರ್ವ್ ಬ್ಯಾಂಕ್ ಬಿಗಿ ಮಾಡಿದೆ. ನಿಮಗೆ ನಿಜವಾಗಿ ಡಾಲರಿನ ಲೇವಾದೇವಿ ಇರಬೇಕು. ಮೊಬೈಲಿನಲ್ಲಿ ಬರುವ ಫಾರೆಕ್ಸ್ ಆ್ಯಪುಗಳಲ್ಲಿ ಅನುಮತಿ ಇಲ್ಲದವು ಬಹಳ. ಅಂಥವುಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕೇ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಮಗಳ ಓದಿಗೆ ನಾಲ್ಕು ವರ್ಷದ ಮೇಲೆ ಡಾಲರ್ ಬೇಕು ಅನ್ನುವವರು ನೋಟು ಕೂಡಿಡುವ ಬದಲು ಅಮೆರಿಕದ ಷೇರುಗಳಲ್ಲಿ ತೊಡಗಿಸುವ ಇಲ್ಲಿನ ಮ್ಯೂಚುವಲ್ ಫಂಡ್ ನೋಡಬಹುದು. ಅದರಲ್ಲಿ ಡಾಲರ್ ಏರಿದ ಲಾಭ ಬರುತ್ತದೆ, ಷೇರಿನ ಏರಿಳಿತವೂ ಜೊತೆಗೇ ಬರುತ್ತದೆ.

ಹೋದ ತಿಂಗಳು ಉಡುಪಿಗೆ ಹೋದಾಗ ಮಾವನ ಎದುರು ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆ. ಸರಕಾರಿ ದರದಲ್ಲಿ ಒಂದು ಲಕ್ಷ ದಿನಾರಿಗೆ 76 ಡಾಲರ್, ಸುಮಾರು 6,500 ರೂಪಾಯಿ. ಮಾವನ ಮುಖ ಅರಳಿತು. "3,800 ಹೋಗಿ 6,500 ಆಯ್ತಲ್ಲ, ಲಾಭವೇ." ಡಾಲರಿನ ಲೆಕ್ಕ ತೋರಿಸಿದೆ. 85 ಕೊಟ್ಟಿದ್ದು, 76 ಆಗಿದೆ. ಏರಿದ ಹಾಗೆ ಕಂಡದ್ದು ದಿನಾರ್ ಏರಿದ್ದಕ್ಕಲ್ಲ, ರೂಪಾಯಿ ಇಳಿದದ್ದಕ್ಕೆ. ಬ್ಯಾಂಕಿನಲ್ಲಿ ಇಟ್ಟಿದ್ದರೆ 14,000 ದಾಟುತ್ತಿತ್ತು. ಆ 6,500 ಆದರೂ ಕೊಡುವವರು ಯಾರು? ಮಾವ ಮಣಿಪಾಲದಲ್ಲಿ ಎರಡು ಕಡೆ ಕೇಳಿ ಬಂದಿದ್ದಾರಂತೆ. "ಇದು ನಾವು ತಗೊಳ್ಳುವುದಿಲ್ಲ" ಅಂದರಂತೆ.

ಅವರು ಏನೂ ಮಾತಾಡದೆ ನೋಟುಗಳನ್ನು ಕವರಿಗೆ ಸೇರಿಸಿದರು. ಆಗ ಒಳಗಿಂದ ಒಂದು ಹಳೆಯ 500 ರೂಪಾಯಿ ನೋಟು ಜಾರಿ ಬಿತ್ತು. 2016ರಲ್ಲಿ ಮರೆತು ಉಳಿದದ್ದು.

"ಇದು ಹೋಯ್ತು ಬಿಡು" ಅಂತ ನಕ್ಕರು. ಅದನ್ನೂ ಎತ್ತಿ ದಿನಾರಿನ ಜೊತೆಗೇ ಇಟ್ಟು ಕಪಾಟಿಗೆ ಬೀಗ ಹಾಕಿದರು.